ಕೆಂಪು ರಟ್ಟಿನ ವ್ಯಾಖ್ಯಾನ

ನನ್ನ ಮಗಳನ್ನು ದೇವರಿಗೆ ಕೊಟ್ಟ ಸುದ್ದಿ ನನಗೆ ಮೈಕಿನಲ್ಲಿ ಗೊತ್ತಾಯಿತು.

ಮಾರ್ಚ್ ತಿಂಗಳು, ಯಲ್ಲಾಪುರದ ನಮ್ಮ ಕ್ರೈಸ್ತ ಸಭೆಯ ಅಂಗಳದಲ್ಲಿ ಕನ್ವೆನ್ಶನ್ ಕೂಟ. ಶಾಮಿಯಾನದಡಿ ಹೆಂಗಸರ ಕಡೆ ಚಾಪೆಯ ಮೇಲೆ ಕೂತು ನಾನು ಅತ್ತೆಗೆ ಗಾಳಿ ಹಾಕುತ್ತಿದ್ದೆ. ನನ್ನ ಗಂಡ ಎಲೀಯ, ದೇವರು ತಮಗೆ ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ವೇದಿಕೆ ಹತ್ತಿದರು. ಹೋದ ವರ್ಷ ಅರಬೈಲ್ ಘಾಟಿನಲ್ಲಿ, ನಮ್ಮ ಟೈರ್ ಅಂಗಡಿಯ ಗಿರಾಕಿ ರಸೂಲನ ಲಾರಿ ಮಗುಚಿತ್ತು. ಅಂಗಡಿಗೆ ಟೈರ್ ತರಲು ಅಂಕೋಲೆಗೆ ಹೋಗಿದ್ದ ಇವರು ಅದೇ ಲಾರಿಯಲ್ಲಿ ಬರುತ್ತಿದ್ದರು. ಗೀರು ಗಾಯ ಬಿಟ್ಟರೆ ಇಬ್ಬರಿಗೂ ಏನೂ ಆಗಲಿಲ್ಲ. ಅಷ್ಟು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಆಮೇಲೆ ಬಂತು.

"ಕ್ಯಾಬಿನ್ನಿನ್ಯಾಗ ತಲಿಕೆಳಗಾಗಿ ಜೋತು ಬಿದ್ದಾಗ ನಾ ಒಂದು ಹರಕಿ ಹೊತ್ತೆ," ಎಂದರು. "ಕರ್ತನೇ, ನನ್ನ ಜೀವಾ ಉಳಿಸಿದ್ರ ನನ್ನ ಮಗಳು ಸ್ಫೂರ್ತಿನ್ನ ನಿನ್ನ ಸೇವಾಕ್ಕ ಕೊಡ್ತೀನಿ ಅಂದೆ."

ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ! ಹೊರಗಿನಿಂದ ಬೋಧನೆಗೆ ಬಂದಿದ್ದ ಕನ್ವೆನ್ಶನ್ ಬ್ರದರ್ ಸ್ಫೂರ್ತಿಯನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು, ಜೂನ್ ಮೊದಲ ವಾರ ತಮ್ಮ ಸೇವಾಶ್ರಮಕ್ಕೆ ಕಳಿಸಿಕೊಡಿ ಎಂದರು. ಪರರಾಜ್ಯ. ಮೂರು ವರ್ಷ ಮನೆಯ ಮುಖ ನೋಡುವ ಹಾಗಿಲ್ಲ, ಮದುವೆಯ ಮಾತು ಎತ್ತುವ ಹಾಗಿಲ್ಲ, ಆಮೇಲೂ ಅವರು ಕಳಿಸಿದ ಕಡೆ ಹೋಗಬೇಕು. ಇಪ್ಪತ್ತೆರಡು ವರ್ಷದ ಹುಡುಗಿ. ದಿನಾ ಬಸ್ಸಿನಲ್ಲಿ ಕಿರವತ್ತಿಗೆ ಹೋಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಶಿರಸಿಯಲ್ಲಿ ಬಿ.ಎಡ್. ಮಾಡಬೇಕೆಂದು ಅರ್ಜಿ ಹಾಕಿ ಕೂತಿದ್ದಳು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ನನ್ನನ್ನು ಯಾರು ಕೇಳುತ್ತಾರೆ ಬಿಡಿ, ನಾನು ರೊಟ್ಟಿ ಬಡಿಯುವವಳು.

ಮನೆಗೆ ಬಂದು ನಾನು ಒಲೆ ಹಚ್ಚಲಿಲ್ಲ.

"ಊಟಕ್ಕೇನೈತಿ?" ಎಂದರು ಇವರು, ಅಂಗಿ ಬಿಚ್ಚುತ್ತ.

"ಅಷ್ಟು ಚಪ್ಪಾಳಿ ಸಿಕ್ಕಾವಲ್ಲ, ಅವನ್ನ ಉಣ್ರಿ."

"ನೀಲಾ, ದೇವರ ಕಾರ್ಯದಾಗ ಅಡ್ಡ ಬರಬ್ಯಾಡ. ಮಾತು ಕೊಟ್ಟೀನಿ ನಾ."

"ಮಾತು ಕೊಟ್ಟಾವ್ರು ನೀವು, ಹೋಗಾಕಿ ಅಕಿ! ಇದ್ಯಾವ ಊರ ನ್ಯಾಯಾರೀ?"

ಸ್ಫೂರ್ತಿ ಬಾಗಿಲಿಗೆ ಒರಗಿ ನಿಂತಿದ್ದಳು. "ಅಪ್ಪಾ, ನನ್ನ ಒಂದು ಮಾತು ಕೇಳಬೇಕು ಅನಸಲಿಲ್ಲೇನು?"

"ಲಾರಿ ಪಲ್ಟಿ ಹೊಡಿಯೋ ಮುಂದ ನಿಂಗ ಫೋನ್ ಹಚ್ಚಿ ಕೇಳಬೇಕಿತ್ತೇನು?"

"ಆಮ್ಯಾಲ ಒಂದು ವರ್ಷ ಇತ್ತಲ್ಲಪಾ," ಎಂದಳು ಅವಳು.

ಇವರು ಮಾತಿನಲ್ಲಿ ಸಿಕ್ಕಿಬಿದ್ದಾಗ ಮಾಡುವ ಕೆಲಸವನ್ನೇ ಮಾಡಿದರು, ಪ್ರಾರ್ಥನೆಗೆ ಕೂತರು. ನಮ್ಮ ಅತ್ತೆ ಸುವಾರ್ತಮ್ಮ ಮಂಚದ ಮೇಲಿಂದಲೇ, "ಮೊದಲ ಆ ಹುಡುಗಿ ಹೊಟ್ಟಿಗೆ ಏನರೆ ಹಾಕು ನೀಲಾ. ಆಮ್ಯಾಲ ಬಡದಾಡೂಣಂತ," ಎಂದರು. ಅವಲಕ್ಕಿ ಕಲಸಿ ಮೂವರೂ ತಿಂದೆವು. ಗಂಡನಿಗೂ ಒಂದು ತಟ್ಟೆ ಮುಚ್ಚಿಟ್ಟೆ. ಅಭ್ಯಾಸ, ಏನು ಮಾಡುವುದು.

ಈ ಬೆಂಕಿ ಆರುವ ಮೊದಲೇ ಮನೆಗೆ ಪುಸ್ತಕಗಳು ಬಂದವು.

ನಮ್ಮದು ಸಣ್ಣ ಸಭೆ, ಮೂವತ್ತು ಮನೆ. ಸಭಾಪಾಲಕರು ಹುಬ್ಬಳ್ಳಿಯಿಂದ ತಿಂಗಳ ಮೊದಲ ಭಾನುವಾರ ಮಾತ್ರ ಬರುತ್ತಾರೆ. ಉಳಿದ ಭಾನುವಾರ ಹಿರಿಯರು ಸರದಿಯ ಮೇಲೆ ಪ್ರಸಂಗ, ಅಂದರೆ ಬೋಧನೆ, ಮಾಡಬೇಕು. ನನ್ನ ಮಾವ ಉಪದೇಶಿಯಾಗಿದ್ದರು. ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದ ಅವರು ನಲವತ್ತು ವರ್ಷ ಆ ವೇದಿಕೆಯಲ್ಲಿ ನಿಂತವರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರ ನೆನಪಿಗೆ ಇಡೀ ಸತ್ಯವೇದಕ್ಕೆ, ಅಂದರೆ ಬೈಬಲ್ಲಿಗೆ, ಬರೆದ ವ್ಯಾಖ್ಯಾನವೊಂದನ್ನು ಕೊಂಡು ಸಭೆಯ ಕಪಾಟಿನಲ್ಲಿ ಇಡಬೇಕು, ಅಧ್ಯಾಯ ಅಧ್ಯಾಯಕ್ಕೂ ಅರ್ಥ ಹಿನ್ನೆಲೆ ಬಿಡಿಸಿ ಹೇಳುವಂಥದ್ದು, ಯಾರ ಸರದಿಯೋ ಅವರು ಮನೆಗೊಯ್ದು ಓದಿಕೊಳ್ಳಲಿ ಎಂದು ಹಿರಿಯರು ಠರಾವು ಮಾಡಿದರು. ಯಾವುದನ್ನು ಕೊಳ್ಳಬೇಕು? ಮಾಸ್ತರ ಮಗನೇ ಆರಿಸಲಿ ಎಂದರು. ಏಪ್ರಿಲ್ ಮುಗಿಯುವುದರೊಳಗೆ ಆರಿಸಬೇಕಿತ್ತು.

ಮೊದಲು ಬಂದದ್ದು ಕನ್ವೆನ್ಶನ್ ಬ್ರದರ್ ಕಳಿಸಿದ್ದು. ಕೆಂಪು ರಟ್ಟು, ಬಂಗಾರದ ಅಕ್ಷರ, ಹನ್ನೆರಡು ಸಂಪುಟ. ಇವರು ಒಂದೊಂದನ್ನೇ ಮಂಚದ ಮೇಲೆ ಜೋಡಿಸಿ ದೂರ ನಿಂತು ನೋಡಿದರು.

"ನೋಡಿಲ್ಲೆ, ಒಂದೊಂದು ಅಧ್ಯಾಯದ ಕಡೀಕ ಪ್ರಸಂಗನ ಬರದು ಕೊಟ್ಟಾರ. ಮೂರು ಅಂಶ, ಒಂದು ಕಥಿ, ಒಂದು ಪ್ರಾರ್ಥನಿ. ವಾರೆಲ್ಲಾ ಟೈರಿನ್ಯಾಗ ಕೈ ಹಾಕಿದಾಂವಗ ಶನಿವಾರ ಸಂಜಿಮುಂದ ಅರ್ಧಾ ತಾಸು ಸಾಕು."

"ರೆಡಿಮೇಡ್ ಅಂಗಿ," ಎಂದೆ ನಾನು. "ಯಾರ ಮೈಗೆ ಹೊಲದಿದ್ದೋ ಏನೋ, ನೀವು ಹಾಕ್ಕೊಂಡು ನಿಲ್ರಿ."

ಎರಡನೆಯದನ್ನು ಸ್ಫೂರ್ತಿ ಸಭಾಪಾಲಕರನ್ನು ಕೇಳಿ ತರಿಸಿದಳು. ನೀಲಿ ರಟ್ಟಿನ ಎರಡೇ ಸಂಪುಟ, ಸಣ್ಣಕ್ಷರ. ಇವರು ಹಾಳೆ ತಿರುವಿ ಮುಖ ಸಿಂಡರಿಸಿದರು. "ಇದರಾಗ ಪ್ರಸಂಗನ ಇಲ್ಲಲಾ?"

"ಪ್ರಸಂಗ ನೀವ ಮಾಡಬೇಕಪಾ. ಇದು ಆಗಿನ ಕಾಲ, ಊರು, ಮೂಲ ಭಾಷಾದ ಶಬ್ದ ಎಲ್ಲಾ ಬಿಡಿಸಿ ಹೇಳತೈತಿ. ಒಂದು ಮಾತಿಗೆ ಯಾರ್ಯಾರು ಏನೇನು ಅರ್ಥ ಹೇಳ್ಯಾರ ಅಂತ ಕೊಡತೈತಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತೈತಿ."

"ಗೊತ್ತಿಲ್ಲ ಅನ್ನೂ ಪುಸ್ತಕ ಯಾಕ ಬೇಕು? ಗೊತ್ತಿಲ್ಲ ಅನ್ನಾಕ ನಾನ ಅದೀನಲ್ಲ!"

ಮೂರನೆಯದು ಮನೆಯಲ್ಲೇ ಇತ್ತು. ಮಾವನವರ ಹಳೆಯ ವ್ಯಾಖ್ಯಾನ. ಬೆನ್ನು ಹರಿದು ಹೋದದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಬಿಗಿದಿದ್ದರು. ಅಂಚಿನ ತುಂಬ ಪೆನ್ಸಿಲ್ಲಿನ ಬರಹ. ಅತ್ತೆಗೆ ಕಣ್ಣಿನ ಪೊರೆ, ಹಾಗಾಗಿ ಸ್ಫೂರ್ತಿ ದಿನಾ ಸಂಜೆ ಅದರಿಂದ ಎರಡು ಪುಟ ಓದಿ ಹೇಳುತ್ತಿದ್ದಳು. ಮಾವನ ಮಾತು ಬಂದಲ್ಲಿ ಅತ್ತೆ "ಹೂಂ, ಹೂಂ" ಎಂದು ತಲೆಯಾಡಿಸುತ್ತಿದ್ದರು.

ಮೂರು ವಾರ ಮನೆಯಲ್ಲಿ ಇದೇ ರಾಮಾಯಣ. ಹಲಸಿನಕಾಯಿ ಪಲ್ಯ ಮಾಡಿದ ದಿನವೂ ಜಗಳ, ಒಣ ಮೀನು ಹುರಿದ ದಿನವೂ ಜಗಳ. ಅಪ್ಪ ಮಗಳು ವ್ಯಾಖ್ಯಾನದ ಹೆಸರಿನಲ್ಲಿ ಬಡಿದಾಡುವರು, ಇಬ್ಬರೂ ಸೇವಾಶ್ರಮದ ಹೆಸರು ತೆಗೆಯರು. ನಾನು ತೆಗೆದರೆ ಇವರು ಎದ್ದು ಅಂಗಡಿಗೆ ಹೋಗುವರು. ಅಷ್ಟರಲ್ಲಿ ಶಿರಸಿಯಿಂದ ಸೀಟು ಸಿಕ್ಕ ಸುದ್ದಿ ಬಂತು. ಜೂನಿನಲ್ಲಿ ಖುದ್ದಾಗಿ ಬಂದು ಸೇರಿಕೊಳ್ಳಬೇಕಂತೆ. ಮಗಳು ಆ ಕಾಗದವನ್ನು ನನಗೆ ಅಡಿಗೆಮನೆಯಲ್ಲಿ ತೋರಿಸಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಸ್ವಂತ ಮನೆಯಲ್ಲಿ ಕಳ್ಳರ ಹಾಗೆ! ನನಗೆ ಮೈಯೆಲ್ಲ ಉರಿಯಿತು.

ಮರುದಿನ ಮಧ್ಯಾಹ್ನ ಡಬ್ಬಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಇವರು ಒಳಗೆ ಚಕ್ರ ಬಿಚ್ಚುತ್ತಿದ್ದರು. ರಸೂಲ್ ಹೊರಗೆ ಲಾರಿಯ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಭಾಭಿ, ಮಗಳ್ನ ಕಳಿಸ್ತೀರಂತೆ?" ಎಂದ.

"ನಿನ್ನ ಲಾರಿಯಿಂದ ಬಂದ ಪೀಡಾ ಅದು. ನೀನೂ ಅದರಾಗ ಇದ್ದೆಲ್ಲ, ನೀ ಏನು ಹರಕಿ ಹೊತ್ತಿ? ನಿನ್ನ ಮಗಳು ಹುಮಾನ್ನ ಎಲ್ಲಿಗೆ ಬರದು ಕೊಟ್ಟಿ?"

"ತೋಬಾ ತೋಬಾ! ಹುಮಾ ಎದಕ್ಕೆ ಬಂತು ಇದ್ರಾಗೆ? ನಾನೂ ಅಲ್ಲಾನ್ನ ಬೇಡ್ಕೊಂಡೆ ಭಾಭಿ. ಉಳಿಸಿದ್ರೆ ಗುಟ್ಕಾ ಬಿಡ್ತೀನಿ ಅಂದೆ. ಬಿಟ್ಟೆ. ಇವತ್ತಿಗೂ ಹಲ್ಲು ಕಡೀತಾ ಕೂತೀನಿ, ಆದ್ರೆ ಮುಟ್ಟಿಲ್ಲ."

ನಾನು ಒಳಗೆ ಹೋಗಿ ಡಬ್ಬಿಯನ್ನು ಇವರ ಮುಂದೆ ಕುಕ್ಕಿದೆ. "ಕೇಳಿದ್ರೇನು? ಅವನು ತನ್ನ ಬಾಯಿಂದು ಬಿಟ್ಟಾನ. ನೀವು ನನ್ನ ಹೊಟ್ಟೀದು ಬಿಟ್ಟೀರಿ."

"ಗಿರಾಕಿ ಮುಂದ ಒದರಬ್ಯಾಡ," ಎಂದರು. ಅಷ್ಟೇ.

ಆ ಭಾನುವಾರ ಆರಾಧನೆ ಮುಗಿಸಿ ಬಂದು, ಉಂಡು, ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಇಂದು ತೀರ್ಮಾನ ಆಗಲೇಬೇಕು ಎಂದರು ಇವರು. ಅತ್ತೆ ಎಲೆ ಅಡಿಕೆ ಕುಟ್ಟುತ್ತ ಕೇಳಿದರು: "ಎಲೀಯಾ, ಹಳೇ ಟೈರ್ ತಗೊಳ್ಳೂ ಮುಂದ ನೀ ಎಲ್ಲಿ ಮುಟ್ಟಿ ನೋಡ್ತಿ?"

"ಬದಿ. ಒಡಿಯೂದು ಅಲ್ಲೇ."

"ನಿಮ್ಮಪ್ಪಾನೂ ಹಂಗ. ವ್ಯಾಖ್ಯಾನ ತಗೊಳ್ಳೂ ಮುಂದ ಎಲ್ಲಾರ ಬಾಯಾಗಿರೂ 'ದೇವರು ನನಗೆ ಕುರುಬ' ಅನ್ನೂ ಕೀರ್ತನಿ ತಗದು ನೋಡ್ತಿದ್ದಿಲ್ಲ. ಅಲ್ಲೆ ಎಲ್ಲಾರೂ ಚೊಲೊನ ಬರೀತಾರ. ಸೀದಾ ಯೆಫ್ತಾಹನ ಅಧ್ಯಾಯ ತಗೀತಿದ್ರು. ಬರದಾಂವ ಅಲ್ಲೆ ಕುಂತಾನೋ, ಓಡಿ ಹೋಗ್ಯಾನೋ ನೋಡ್ತಿದ್ರು. ಓಡಿ ಹೋಗಿದ್ರ ಆ ಪುಸ್ತಕ ಬ್ಯಾಡ."

ಯೆಫ್ತಾಹನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಆದರೂ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಯುದ್ಧಕ್ಕೆ ಹೊರಟ ದಳಪತಿ. ಗೆದ್ದು ಬಂದರೆ ನನ್ನ ಮನೆಯ ಬಾಗಿಲಿಂದ ಮೊದಲು ಯಾರು ಎದುರು ಬರುತ್ತಾರೋ ಅವರನ್ನು ಬಲಿ ಕೊಡುತ್ತೇನೆಂದು ಹರಕೆ ಹೊತ್ತ. ಗೆದ್ದು ಬಂದ. ಇದ್ದೊಬ್ಬ ಮಗಳು ದಮ್ಮಡಿ ಬಡಿಯುತ್ತ ಕುಣಿಯುತ್ತ ಹೊರಗೆ ಬಂದಳು.

ಅತ್ತೆ ಬೇಕೆಂದೇ ಆ ಮಾತು ತೆಗೆದರು, ನನಗೆ ಈಗಲೂ ಅನುಮಾನವಿಲ್ಲ. ಆದರೆ ನಮ್ಮ ಮಹಾನುಭಾವರಿಗೆ ಅದು ಹೊಳೆಯಲಿಲ್ಲ. ಅಪ್ಪನ ಪರೀಕ್ಷೆ ಎಂದ ಕೂಡಲೇ ಹೆಮ್ಮೆಯಿಂದ ಕೆಂಪು ಸಂಪುಟ ತೆಗೆದು ಪ್ರಸಂಗದ ಪುಟಕ್ಕೇ ಹೋದರು. "ಮಾತಿಗೆ ತಪ್ಪದ ತಂದೆ" ಎಂದು ತಲೆಬರಹ. ಒಂದು, ಹರಕೆ ಹೊತ್ತನು. ಎರಡು, ತಡಮಾಡಲಿಲ್ಲ. ಮೂರು, ಒಪ್ಪಿಸಿಕೊಟ್ಟನು. ಓದುತ್ತ ಓದುತ್ತ ಅವರ ಮುಖ ಅರಳಿತು.

"ಓಡಿ ಹೋಗ್ಯಾನೇನವ್ವಾ? ಹೆಂಗ ಎದಿ ಕೊಟ್ಟು ನಿಂತಾನ ನೋಡು!"

"ಮಗಳು ಸುಟ್ಟು ಹೋದ್ಲೋ ಉಳದ್ಲೋ, ಅದಕ್ಕೇನಂತೈತಿ?" ಎಂದಳು ಸ್ಫೂರ್ತಿ.

"ಅದು ಇಲ್ಲೆ ಮುಖ್ಯ ಅಲ್ಲ."

"ಹೌದಪಾ. ನಿಮಗ ಅದು ಮುಖ್ಯ ಅಲ್ಲ." ಅವಳು ನೀಲಿ ಪುಸ್ತಕ ತೆಗೆದು ಓದಿದಳು. ಅದರಲ್ಲಿ ಎರಡು ಪುಟ. ಹುಡುಗಿಯನ್ನು ನಿಜಕ್ಕೂ ಬಲಿ ಕೊಟ್ಟರೆಂದು ಕೆಲವರು, ಮದುವೆಯಿಲ್ಲದೆ ದೇವರ ಸೇವೆಗೆ ಬಿಟ್ಟರೆಂದು ಕೆಲವರು. ಹರಕೆ ಹೊತ್ತದ್ದೇ ದುಡುಕು. ಹರಕೆಯಾದ ಮನುಷ್ಯರನ್ನು ಬಿಡಿಸಿಕೊಳ್ಳುವ ದಾರಿ ಆ ಜನರ ಧರ್ಮಶಾಸ್ತ್ರದಲ್ಲೇ ಇತ್ತು. ಅವನು ಯಾಕೆ ಯಾರನ್ನೂ ಕೇಳಲಿಲ್ಲವೋ ಗೊತ್ತಿಲ್ಲ ಎಂದಿತ್ತು. ಆಮೇಲೆ ಟ್ಯೂಬಿನ ಪಟ್ಟಿ ಬಿಚ್ಚಿ ಅಜ್ಜನ ಪುಸ್ತಕ ತೆರೆದಳು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದೇ ಸಾಲು ಬರೆದಿದ್ದರು: ವೈರಿಯ ಅರಸನಿಗೆ ಎರಡು ಸಲ ದೂತರನ್ನು ಕಳಿಸಿ ಮಾತಾಡಿದವನು ಮನೆಯವರ ಹತ್ತಿರ ಒಂದು ಸಲವೂ ಮಾತಾಡಲಿಲ್ಲ.

ಎಷ್ಟೋ ಹೊತ್ತಿನಿಂದ ನನ್ನ ತಲೆಯಲ್ಲಿದ್ದ ಪ್ರಶ್ನೆಯನ್ನು ನಾನು ಕೇಳಿದೆ.

"ಆ ಹುಡುಗಿ ತಾಯಿ ಎಲ್ಲಿದ್ಲು?"

"ಏನು?" ಎಂದರು ಇವರು.

"ತಾಯೀರೀ, ತಾಯಿ. ಹೆತ್ತಾಕಿ. ಅಕಿ ಏನಂದ್ಲು? ನೋಡು ಸ್ಫೂರ್ತಿ."

ಅವಳು ಮೂರೂ ಪುಸ್ತಕ ಹುಡುಕಿದಳು, ಸತ್ಯವೇದವನ್ನೂ ತೆಗೆದು ಅಧ್ಯಾಯ ಪೂರ್ತಿ ನೋಡಿದಳು. "ಎಲ್ಲೂ ಇಲ್ಲವ್ವಾ. ತಾಯಿ ಸುದ್ದಿನ ಇಲ್ಲ. ಅಜ್ಜನೂ ಬರದಿಲ್ಲ."

"ತಾಯಿ ವಿಚಾರ ಇಲ್ಲೆ ಯಾಕ ಬೇಕು?" ಇವರು ಕೆಂಪು ಪುಸ್ತಕ ಧಡ್ಡನೆ ಮುಚ್ಚಿದರು. "ಆತು, ಕೆಂಪುದ. ಬರೋ ಐತವಾರ ನನ್ನ ಸರದಿ. ಇದ ಅಧ್ಯಾಯದ ಮ್ಯಾಲ ಪ್ರಸಂಗ ಮಾಡ್ತೀನಿ, ಪುಸ್ತಕಾನೂ ಸಭಾಕ್ಕ ತೋರಸ್ತೀನಿ, ಇಕಿನ್ನೂ ದೇವರ ಮುಂದ ಒಪ್ಪಸ್ತೀನಿ. ಒಂದ ಸಲಕ್ಕ ಎಲ್ಲಾ ಮುಗೀತೈತಿ."

ಆ ವಾರ ನಾನು ಅಡಿಗೆ ಮಾಡಿದೆ, ಬಟ್ಟೆ ಒಗೆದೆ, ಹಪ್ಪಳ ಒಣಗಿಸಿದೆ. ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಮಾತಿಗೆ ಮಾತು ಬೆಳೆಸಿ ಏನೂ ಆಗುವುದಿಲ್ಲವೆಂದು ಗೊತ್ತಾಗಿತ್ತು.

ನಮ್ಮ ಸಭೆಯಲ್ಲಿ ಪ್ರಸಂಗಕ್ಕೆ ಮುಂಚೆ ಯುವಕ ಯುವತಿಯರಲ್ಲಿ ಒಬ್ಬರು ಆ ದಿನದ ಭಾಗವನ್ನು ಓದುವ ಪದ್ಧತಿ. ಆ ಭಾನುವಾರದ ಓದು ಸ್ಫೂರ್ತಿಯ ಪಾಲಿಗೇ ಬಂದಿತ್ತು. ಕೆಂಪು ಪುಸ್ತಕ ಹೇಳಿದಂತೆ ಐದಾರು ವಚನ ಗುರುತು ಮಾಡಿ ಇವರು ಚೀಟಿ ಕೊಟ್ಟಿದ್ದರು. ಅವಳು ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟು ಅಧ್ಯಾಯದ ಮೊದಲಿಂದ ಓದಿದಳು. ಅರಸನ ಬಳಿಗೆ ದೂತರು ಹೋಗಿ ಬಂದದ್ದು, ಯುದ್ಧ, ಹರಕೆ, ದಮ್ಮಡಿ, ಅಪ್ಪ ಬಟ್ಟೆ ಹರಿದುಕೊಂಡು ಮಗಳನ್ನೇ ದೂರಿದ್ದು, ಹುಡುಗಿ ಗೆಳತಿಯರ ಜೊತೆ ಎರಡು ತಿಂಗಳು ಬೆಟ್ಟದ ಮೇಲೆ ಅತ್ತದ್ದು. ಇವರು ವೇದಿಕೆಯ ಮೇಲೆ ಎರಡು ಸಲ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ. ವರ್ಷಕ್ಕೆ ನಾಲ್ಕು ದಿನ ಊರ ಹೆಣ್ಣುಮಕ್ಕಳು ಅವಳಿಗಾಗಿ ಗೋಳಾಡುತ್ತಿದ್ದರು ಎಂಬಲ್ಲಿಯ ತನಕ ಓದಿ ಬಂದು ನನ್ನ ಪಕ್ಕ ಕೂತಳು.

ಕಡೆಯ ವಚನಗಳನ್ನು ಇವರು ಬರುವ ಮೊದಲು ಓದಿಕೊಂಡಿರಲಿಲ್ಲ. ಪ್ರಸಂಗದ ಮೂರು ಅಂಶ ಓದಿದ್ದರು, ಅಷ್ಟೇ. ಮೊದಲ ಅಂಶ ಜೋರಾಗಿ ಹೇಳಿದರು. ಎರಡನೆಯದಕ್ಕೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೂರನೆಯದಕ್ಕೆ ಪುಸ್ತಕದಿಂದ ಕಣ್ಣೆತ್ತದೆಯೇ, "ಸ್ಫೂರ್ತಿ, ಮುಂದ ಬಾ," ಎಂದರು.

ಅವಳು ಏಳಲಿಲ್ಲ. ನಾನು ಎದ್ದೆ.

"ನೀಲವ್ವಾ, ಆರಾಧನಿ ನಡದೈತಿ, ಕೂಡ್ರು," ಎಂದರು ಮುಂದಿನ ಸಾಲಿನ ಹಿರಿಯರೊಬ್ಬರು.

"ನನ್ನ ಮಗಳನ್ನ ಕರದಿದ್ದೂ ಆರಾಧನ್ಯಾಗನ. ನಾನೂ ಇಲ್ಲೇ ಮಾತಾಡ್ತೀನಿ." ಸೆರಗು ಸರಿಮಾಡಿಕೊಂಡು ವೇದಿಕೆಯ ಕಡೆ ತಿರುಗಿದೆ. "ನಾ ಪ್ರಸಂಗ ಮಾಡಾಕಿ ಅಲ್ಲ. ಮೂರು ವ್ಯಾಖ್ಯಾನ ಹುಡುಕಿಸಿ ನೋಡೀನಿ. ಆ ಹುಡುಗಿ ತಾಯಿ ಎಲ್ಲಿದ್ಲು, ಏನಂದ್ಲು ಅಂತ ಒಬ್ಬರೂ ಬರದಿಲ್ಲ. ಅಲ್ಲೆ ಎಷ್ಟು ಮಂದಿ ಇದ್ರೋ ಏನೋ, ಬ್ಯಾಡ ಅಂದಾವ್ರು ಒಬ್ಬರೂ ಇಲ್ಲ. ಆ ಮನ್ಯಾಗ ತಾಯಿ ಇದ್ಲೋ ಸತ್ತಿದ್ಲೋ ನನಗ ಗೊತ್ತಿಲ್ಲ. ಈ ಮನ್ಯಾಗ ಅದಾಳ. ನಾ ಕಳಸೂದಿಲ್ಲ."

"ಅದು ಹರಕಿ, ನೀಲಾ!" ಇವರು ವೇದಿಕೆಯ ಕಟ್ಟೆ ಹಿಡಿದುಕೊಂಡರು. "ದೇವರಿಗೆ ಏನು ಮುಖ ತೋರಸ್ಲಿ ನಾ?"

ಆಗ ಅತ್ತೆ ಕೋಲೂರಿ ಎದ್ದರು. ಮಾಸ್ತರ ಹೆಂಡತಿ ಎದ್ದದ್ದಕ್ಕೆ ಅರ್ಧ ಸಭೆ ಎದ್ದು ನಿಂತಿತು.

"ಎಲೀಯಾ," ಎಂದರು, "ದೇವರಿಗೆ ಕೊಡೂದಿದ್ರ ನಿಂದು ಕೊಡು. ರಸೂಲ ಗುಟ್ಕಾ ಬಿಟ್ಟಾನ. ನೀ ಏನು ಬಿಟ್ಟಿ?"

ಇವರು ಕೆಂಪು ಪುಸ್ತಕದ ಕಡೆ ನೋಡಿದರು. ಅದರಲ್ಲಿ ಆ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. ಹಿಂದೆ ಕೂತ ಯಾರೋ ಒಂದು ಗೀತೆ ಎತ್ತಿದರು, ಆರಾಧನೆ ಹೇಗೋ ಮುಗಿಯಿತು.

ಆಮೇಲೆ ಮನೆಯಲ್ಲಿ ಸಮಾಧಾನ ಆಯಿತು ಎಂದು ತಿಳಿಯಬೇಡಿ. ಹದಿನೈದು ದಿನ ಇವರು ಅಂಗಡಿಯಲ್ಲೇ ಉಂಡರು. ಸೇವಾಶ್ರಮದಿಂದ ಎರಡು ಸಲ ಫೋನ್ ಬಂತು. ಮೊದಲನೆಯದನ್ನು ಇವರು ಎತ್ತಲಿಲ್ಲ, ಎರಡನೆಯದನ್ನು ನಾನು ಎತ್ತಿದೆ. ಮೂರನೆಯದು ಬರಲಿಲ್ಲ. ಹಿರಿಯರು ವ್ಯಾಖ್ಯಾನದ ವಿಷಯ ಕೇಳಿದ್ದಕ್ಕೆ ಇವರು "ಯಾವುದರೆ ಇಡ್ರಿ, ನನ್ನ ಕೇಳಬ್ಯಾಡ್ರಿ," ಎಂದರಂತೆ. ಸಭೆಯ ಕಪಾಟಿಗೆ ನೀಲಿ ಪುಸ್ತಕ ಹೋಯಿತು. ಕೆಂಪು ಸಂಪುಟಗಳನ್ನು ನಾನೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದು ರಸೂಲನ ಲಾರಿಗೆ ಹಾಕಿ ವಾಪಸು ಕಳಿಸಿದೆ. ಎಂಥ ಭಾರ ಅವು, ಮಾರಾಯ್ರೆ, ಎರಡು ದಿನ ಸೊಂಟ ಹಿಡಿದಿತ್ತು.

ಜೂನಿನಲ್ಲಿ ನಾನೂ ಸ್ಫೂರ್ತಿಯೂ ಬೆಳಗಿನ ಶಿರಸಿ ಬಸ್ಸು ಹತ್ತಿದೆವು. ಇವರು ಬರಲಿಲ್ಲ. ಬಸ್ಸು ಅಂಗಡಿಯ ಮುಂದೆ ಹಾದಾಗ ಟೈರಿನ ಮೇಲೆ ಬಗ್ಗಿದ್ದವರು ತಲೆಯೆತ್ತಿ ನೋಡಿದರು, ಮತ್ತೆ ಬಗ್ಗಿದರು. ಸ್ಫೂರ್ತಿ ಕೈ ಬೀಸಲು ಹೋಗಿ ಸುಮ್ಮನಾದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟನ್ನೇ ಇಟ್ಟುಕೊಂಡೆ.

ಕಾಲೇಜಿನ ಕಚೇರಿಯಲ್ಲಿ ಕನ್ನಡಕ ಹಾಕಿದ ಹೆಂಗಸು ಫಾರ್ಮ್ ತಿರುವಿ ನೋಡಿ, ಒಂದು ಖಾಲಿ ಗೆರೆಯ ಮೇಲೆ ಪೆನ್ನು ನಿಲ್ಲಿಸಿದರು.

"ಪಾಲಕರ ಸಹಿ ಬೇಕಿತ್ತಲ್ಲ. ತಂದೆಯವರು ಬರ್ಲಿಲ್ವಾ?"

"ತಾಯಿ ಬಂದಾಳ್ರೀ," ಎಂದೆ.

ಪೆನ್ನು ನನ್ನ ಕಡೆ ತಿರುಗಿತು. ಸಹಿ ಮಾಡಿ ರೂಢಿಯಿಲ್ಲದ ಕೈ. ಅಕ್ಷರ ದೊಡ್ಡದಾಗಿ ಗೆರೆಯನ್ನು ದಾಟಿ ಹೊರಗೆ ಹೋಯಿತು.